ಮನವೊಲಿಸುವ ಮಾತು

ಕುಟುಂಬದಲ್ಲಿ ಒಬ್ಬರು ಮತ್ತೊಬ್ಬರಿಂದ ಒಂದು ಕಾರ್ಯವನ್ನು ಮಾಡಿಸಬೇಕಾದಾಗ ಮೂರು ದಾರಿಗಳಿರುತ್ತವೆ. ಒಂದು ಆಜ್ಞೆ, ಇನ್ನೊಂದು ವಂಚನೆ, ಮತ್ತೊಂದು ಮನವೊಲಿಕೆ. ಆಜ್ಞೆಗೆ ಅಧಿಕಾರ ಬೇಕು. ವಂಚನೆಗೆ ಜಾಣತನ ಬೇಕು. ಮನವೊಲಿಕೆಗೆ ಇವೆರಡಕ್ಕಿಂತಲೂ ದುರ್ಲಭವಾದ ತಾಳ್ಮೆ ಬೇಕು. ಆದರೂ ಮೊದಲಿನ ಎರಡು ದಾರಿಗಳಲ್ಲಿ ನಡೆದವರು ತಾವು ಮೂರನೆಯ ದಾರಿಯಲ್ಲಿಯೇ ನಡೆದೆವೆಂದು ಹೇಳಿಕೊಳ್ಳುವುದು ಲೋಕದ ರೂಢಿ. ಮಗಳನ್ನು ಬೆದರಿಸಿ ಹಸೆಮಣೆಗೆ ಕೂರಿಸಿದ ಹಿರಿಯರು, "ಅಂತೂ ಒಪ್ಪಿಸಿದೆವು" ಎನ್ನುತ್ತಾರೆ. ಒಲ್ಲೆನೆನ್ನುವ ಅವಕಾಶವೇ ಇಲ್ಲದವಳ ಒಪ್ಪಿಗೆಗೆ ಯಾವ ಬೆಲೆಯಿದೆ ಎಂದು ಯಾರೂ ಕೇಳುವುದಿಲ್ಲ. ಆದುದರಿಂದ ನಿಜವಾದ ಮನವೊಲಿಕೆ ಯಾವುದೆಂಬುದು ಅಲಂಕಾರಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೆಂದು ತಳ್ಳಿಬಿಡುವಂತಹುದಲ್ಲ. ಪ್ರತಿಯೊಂದು ಮನೆಯೂ ಇದಕ್ಕೆ ಉತ್ತರ ಹೇಳಬೇಕಾಗಿದೆ. ಪ್ರಾಚೀನ ನಾಟಕಕಾರರು ಈ ಪ್ರಶ್ನೆಯನ್ನು ಬಹು ಆಳವಾಗಿ ವಿಚಾರಮಾಡಿದ್ದರು. ಅವರ ದುರಂತಗಳು ಹೆಚ್ಚಾಗಿ ಒಂದೇ ಮನೆಯವರ ನಡುವೆ ಮಾತು ಮುರಿದುಬಿದ್ದ ಕಥೆಗಳೇ ಆಗಿವೆ.

ಗ್ರೀಕರು ಮನವೊಲಿಕೆಯನ್ನು ಪೀಥೊ ಎಂಬ ದೇವತೆಯೆಂದೇ ಭಾವಿಸಿದ್ದರು. ಆದರೆ ಈ ದೇವತೆಗೆ ಎರಡು ಮುಖಗಳುಂಟೆಂಬುದನ್ನು ಅವರು ಮರೆತಿರಲಿಲ್ಲ. ಕ್ರಿ.ಪೂ. 458ರಲ್ಲಿ ಅಥೆನ್ಸ್ ನಗರದಲ್ಲಿ ಪ್ರದರ್ಶಿತವಾದ ಈಸ್ಕಿಲಸ್ ಮಹಾಕವಿಯ 'ಒರೆಸ್ಟೀಯ' ನಾಟಕತ್ರಯವೇ ಇದಕ್ಕೆ ಸಾಕ್ಷಿ. ಮೊದಲ ನಾಟಕದಲ್ಲಿ ಟ್ರಾಯ್ ನಗರವನ್ನು ಗೆದ್ದು ಮರಳಿದ ಅಗಮೆಮ್ನಾನ್ ದೊರೆಯನ್ನು ಅವನ ರಾಣಿ ಕ್ಲೈಟೆಮ್ನೆಸ್ಟ್ರಾ ಬೆಲೆಬಾಳುವ ಕೆಂಪು ವಸ್ತ್ರಗಳನ್ನು ಹಾಸಿ ಸ್ವಾಗತಿಸುತ್ತಾಳೆ. ಇಂತಹ ಗೌರವ ದೇವತೆಗಳಿಗೆ ಸಲ್ಲತಕ್ಕುದೆಂದು ಅವನು ಹಿಂಜರಿಯುತ್ತಾನೆ. ಆಕೆ ನಯವಾದ ಮಾತುಗಳಿಂದ ಒಂದೊಂದಾಗಿ ಅವನ ಆಕ್ಷೇಪಗಳನ್ನು ಕರಗಿಸುತ್ತಾಳೆ. ಅವನು ಪಾದರಕ್ಷೆ ಕಳಚಿ, ಆ ಹಾಸಿನ ಮೇಲೆ ನಡೆದು ಅರಮನೆಯನ್ನು ಹೊಕ್ಕು, ಅಲ್ಲಿಯೇ ಆಕೆಯ ಕೈಯಿಂದ ಹತನಾಗುತ್ತಾನೆ. ಬಲಿಕೊಟ್ಟ ಮಗಳಿಗಾಗಿ ಆಕೆ ತಳೆದ ದುಃಖ ಸುಳ್ಳಾಗಿರಲಿಲ್ಲ. ಗಂಡನೊಡನೆ ಆ ಹೊತ್ತು ಆಡಿದ ಮಾತು ಸುಳ್ಳಾಗಿತ್ತು.

ಮೂರನೆಯ ನಾಟಕದ ಕೊನೆಯಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಮನವೊಲಿಕೆ ಬರುತ್ತದೆ. ತಂದೆಯ ಸೇಡಿಗಾಗಿ ತಾಯಿಯನ್ನೇ ಕೊಂದ ಒರೆಸ್ಟಿಸನು ನ್ಯಾಯಸ್ಥಾನದಲ್ಲಿ ಸಮಸಂಖ್ಯೆಯ ಮತಗಳಿಂದ ಬಿಡುಗಡೆ ಹೊಂದಿದಾಗ, ಅವನನ್ನು ಬೆನ್ನಟ್ಟಿ ಬಂದ ಸೇಡಿನ ದೇವತೆಗಳು ನಾಡಿಗೇ ವಿಷವಿಡುವೆವೆಂದು ಗರ್ಜಿಸುತ್ತಾರೆ. ಅಥೀನಾ ದೇವಿ ಅವರೆದುರು ನಿಲ್ಲುತ್ತಾಳೆ. ಸಿಡಿಲಿನ ಭಂಡಾರದ ಬೀಗದ ಕೈ ತನಗೆ ತಿಳಿದಿದೆ, ಆದರೆ ಅದರ ಅಗತ್ಯ ಇಲ್ಲಿಲ್ಲವೆಂದು ಹೇಳಿ, ಮಾತನ್ನೇ ನೆಚ್ಚುತ್ತಾಳೆ. ನೀವು ನನಗಿಂತ ಹಿರಿಯರು, ಹೆಚ್ಚು ತಿಳಿದವರು, ನಿಮ್ಮ ಕೋಪವನ್ನು ಸಹಿಸುವೆನೆನ್ನುತ್ತಾಳೆ. ಅವರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೂ ಬೇಸರಿಸದೆ ಉತ್ತರಿಸುತ್ತಾಳೆ. ಇಲ್ಲಿ ನೆಲೆಸಲು ಮನಸ್ಸಿಲ್ಲದಿದ್ದರೆ ಬೇಡ, ಆದರೆ ನಾಡಿಗೆ ಕೇಡು ಬಗೆಯುವುದು ನ್ಯಾಯವಲ್ಲವೆನ್ನುತ್ತಾಳೆ. ಕೊಡುವೆನೆಂದ ಗೌರವವನ್ನು ಕೊಟ್ಟೇ ತೀರುತ್ತಾಳೆ. ಮುನಿದ ದೇವತೆಗಳು ನಾಡನ್ನು ಕಾಯುವ ದೇವತೆಗಳಾಗುತ್ತಾರೆ.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ. ವಾಕ್ಚಾತುರ್ಯ ಇಬ್ಬರಲ್ಲಿಯೂ ಇದೆ. ಕ್ಲೈಟೆಮ್ನೆಸ್ಟ್ರಾ ತನ್ನ ಉದ್ದೇಶವನ್ನು ಮುಚ್ಚಿಟ್ಟಳು, ಅಥೀನಾ ತೆರೆದಿಟ್ಟಳು. ಒಬ್ಬಳ ಮಾತು ಕೇಳಿದವನಿಗೆ ಹಿಂದಿರುಗುವ ದಾರಿಯಿರಲಿಲ್ಲ. ಇನ್ನೊಬ್ಬಳ ಮಾತು ಕೇಳಿದವರಿಗೆ ಒಲ್ಲೆವೆನ್ನುವ ದಾರಿ ಕೊನೆಯವರೆಗೂ ತೆರೆದಿತ್ತು. ಒಲ್ಲೆನೆನ್ನುವ ಸ್ವಾತಂತ್ರ್ಯವನ್ನು ಉಳಿಸಿ ಆಡಿದ ಮಾತೇ ಮನವೊಲಿಕೆ. ಅದನ್ನು ಕಸಿದುಕೊಂಡ ಮಾತು ಎಷ್ಟೇ ಮೃದುವಾಗಿರಲಿ, ಅದು ಬಲಾತ್ಕಾರದ ಇನ್ನೊಂದು ರೂಪ.

ಆಡುವವನು ಪ್ರಾಮಾಣಿಕನಾಗಿದ್ದರೆ ಸಾಲದು. ಕೇಳುವವನಿಗೆ ಕಿವಿಯೂ ಇರಬೇಕು. ಇದನ್ನು ತೋರಿಸುವುದು ಸೊಫೊಕ್ಲಿಸ್ ಕವಿ ಸುಮಾರು ಕ್ರಿ.ಪೂ. 441ರಲ್ಲಿ ಬರೆದ, ಪಿ. ಲಂಕೇಶರು ಕನ್ನಡಕ್ಕೆ ತಂದ 'ಅಂತಿಗೊನೆ'. ರಾಜದ್ರೋಹಿಯೆಂದು ಘೋಷಿತನಾದ ಅಣ್ಣನ ಶವಕ್ಕೆ ಮಣ್ಣು ಕೊಟ್ಟ ಅಂತಿಗೊನೆಗೆ ಕ್ರೆಯಾನ್ ದೊರೆ ಮರಣದಂಡನೆ ವಿಧಿಸಿದ್ದಾನೆ. ಆಕೆಯನ್ನು ಮದುವೆಯಾಗಬೇಕಾಗಿದ್ದ ಹೀಮಾನ್ ಆ ದೊರೆಯ ಮಗನೇ. ಅವನು ತಂದೆಯ ಬಳಿಗೆ ಸಿಟ್ಟಿನಿಂದ ಬರುವುದಿಲ್ಲ. ತಾನು ತಂದೆಗೆ ವಿಧೇಯನೆಂದೇ ಮಾತು ತೆಗೆಯುತ್ತಾನೆ. ದೊರೆಯ ಮುಖಕ್ಕೆ ಅಂಜಿ ಆಡಲಾರದ ಮಾತುಗಳನ್ನು ಊರವರು ಮರೆಯಲ್ಲಿ ಆಡುತ್ತಿರುವುದನ್ನು ತಿಳಿಸುತ್ತಾನೆ. ಹೊಳೆಯ ಪ್ರವಾಹಕ್ಕೆ ಬಾಗಿದ ಮರ ಉಳಿಯುವುದನ್ನೂ ಸೆಟೆದು ನಿಂತದ್ದು ಬೇರುಸಹಿತ ಕೊಚ್ಚಿಹೋಗುವುದನ್ನೂ ನೆನಪಿಸುತ್ತಾನೆ. ಒಬ್ಬ ಮಗನು ತಂದೆಗೆ ಇದಕ್ಕಿಂತ ವಿನಯದಿಂದ ಬುದ್ಧಿ ಹೇಳಲಾರನು. ನೆರೆದ ಹಿರಿಯರ ಮೇಳವೂ ತಂದೆಮಕ್ಕಳಿಬ್ಬರೂ ಒಬ್ಬರಿಂದೊಬ್ಬರು ಕಲಿಯಬಹುದೆಂದು ಸೂಚಿಸುತ್ತದೆ. ಕ್ರೆಯಾನನ ಉತ್ತರವಾದರೂ ಏನು? ಈ ವಯಸ್ಸಿನಲ್ಲಿ ಈ ಹುಡುಗನಿಂದ ಬುದ್ಧಿ ಕಲಿಯಬೇಕೆ ಎಂಬುದೇ ಅವನ ಉತ್ತರ. ಮಾತಿನ ತಿರುಳನ್ನು ಬಿಟ್ಟು ಆಡಿದವನ ವಯಸ್ಸನ್ನು ತೂಗಿದ ಆ ಕ್ಷಣದಲ್ಲಿಯೇ ಆ ಮನೆಯ ಅವನತಿ ನಿಶ್ಚಿತವಾಯಿತು.

ಕ್ರೆಯಾನನು ಕಡೆಗೂ ಮಣಿಯುತ್ತಾನೆಂಬುದು ಗಮನಾರ್ಹ. ಟೈರೀಸಿಯಸ್ ಎಂಬ ಕುರುಡ ಕಾಲಜ್ಞಾನಿಯ ಎಚ್ಚರಿಕೆಯಿಂದ ಬೆದರಿ ಮನಸ್ಸು ಬದಲಿಸುತ್ತಾನೆ. ಮೊದಲು ಹುಡುಗಿಯನ್ನು ಬಿಡಿಸು, ಬಳಿಕ ಶವಸಂಸ್ಕಾರ ಮಾಡೆಂದು ಹಿರಿಯರು ಹೇಳುತ್ತಾರೆ. ಅವನು ಮೊದಲು ಶವದ ಬಳಿಗೆ ಹೋಗಿ ಆಮೇಲೆ ಗವಿಗೆ ಬರುತ್ತಾನೆ. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿರುತ್ತಾಳೆ. ಮಗನು ತಂದೆಯ ಮೇಲೆ ಕತ್ತಿ ಬೀಸಿ, ಅದು ತಪ್ಪಲು, ತನ್ನನ್ನೇ ಇರಿದುಕೊಳ್ಳುತ್ತಾನೆ. ಸುದ್ದಿ ಕೇಳಿದ ರಾಣಿಯೂ ಉಳಿಯುವುದಿಲ್ಲ. ಮಗನ ಪ್ರೀತಿಯ ಮಾತಿಗೆ ಬಾಗದವನು ಭಯಕ್ಕೆ ಬಾಗಿದನು. ಆದರೆ ಹೊತ್ತು ಮೀರಿತ್ತು.

ಹೊತ್ತು ಮೀರಿದ ಬುದ್ಧಿವಾದಕ್ಕೆ ಕನ್ನಡದಲ್ಲಿಯೂ ಹಿರಿಯ ನಿದರ್ಶನವುಂಟು. ಹತ್ತನೆಯ ಶತಮಾನದ ರನ್ನಕವಿಯ 'ಗದಾಯುದ್ಧ'ದಲ್ಲಿ ಧೃತರಾಷ್ಟ್ರ ಗಾಂಧಾರಿಯರು ರಣಭೂಮಿಗೇ ಬಂದು, ಉಳಿದ ಒಬ್ಬ ಮಗನನ್ನು ಸಂಧಿಗೆ ಒಡಂಬಡಿಸಲು ಹೆಣಗುತ್ತಾರೆ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯದಿಂದಲೇ ನಾಟಕವನ್ನು ರೂಪಿಸಿ ಅದರ ನಾಟಕೀಯ ಶಕ್ತಿಯನ್ನು ಕನ್ನಡಿಗರಿಗೆ ತೋರಿಸಿಕೊಟ್ಟರು. ತಾಯಿತಂದೆಯರ ಆ ಮೊರೆ ಕಲ್ಲನ್ನೂ ಕರಗಿಸುವಂತಹುದು. ಆದರೂ ದುರ್ಯೋಧನನು ಛಲ ಬಿಡಲೊಲ್ಲನು. ಇದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವೇ? ಜೂಜಿನ ಸಭೆಗೆ ಸಮ್ಮತಿಯಿತ್ತಾಗ ಮಗನನ್ನು ತಡೆಯದಿದ್ದ ತಂದೆ, ನೂರ್ವರಲ್ಲಿ ಒಬ್ಬನುಳಿದಾಗ ತಡೆಯಬಂದನು. ಮನವೊಲಿಸುವ ಮಾತಿನ ಬಲವು ಆ ದಿನದ ಮಾತಿನಲ್ಲಿ ಮಾತ್ರ ಇರುವುದಿಲ್ಲ; ಹಿಂದಿನ ಎಷ್ಟೋ ವರ್ಷಗಳ ನಡೆಯಲ್ಲಿ ಅದು ಸಂಚಿತವಾಗಿರಬೇಕು.

ಷೇಕ್ಸ್‌ಪಿಯರನ 'ಕೊರಿಯೊಲೇನಸ್' ನಾಟಕ ಇದೇ ಸತ್ಯದ ಇನ್ನೊಂದು ಮಗ್ಗುಲನ್ನು ತೋರುತ್ತದೆ. ರೋಮಿನ ವೀರಮಾತೆ ವೊಲಮ್ನಿಯ ತನ್ನ ಮಗನನ್ನು ಗಾಯಗಳನ್ನೇ ಆಭರಣವೆಂದೆಣಿಸುವ ಯೋಧನನ್ನಾಗಿ ಬೆಳೆಸಿದಳು. ಆಕೆ ಅವನನ್ನು ಎರಡು ಸಲ ಮನವೊಲಿಸುತ್ತಾಳೆ. ಮೊದಲನೆಯ ಸಲ, ಮನಸ್ಸಿನಲ್ಲಿಲ್ಲದ ನಮ್ರತೆಯನ್ನು ಜನರೆದುರು ನಟಿಸೆಂದು ಒಪ್ಪಿಸುತ್ತಾಳೆ. ಅದು ಕೆಟ್ಟು ಅವನು ಗಡೀಪಾರಾಗುತ್ತಾನೆ. ಎರಡನೆಯ ಸಲ, ಶತ್ರುಸೈನ್ಯದೊಡನೆ ರೋಮಿನ ಮೇಲೆ ಏರಿಬಂದ ಅವನೆದುರು ಸೊಸೆ ಮೊಮ್ಮಗನೊಡನೆ ಬಂದು ಮೊಣಕಾಲೂರುತ್ತಾಳೆ. ಅವನು ಮಾತಿಲ್ಲದೆ ತಾಯಿಯ ಕೈ ಹಿಡಿಯುತ್ತಾನೆ. ನಗರವುಳಿಯಿತು. ಆದರೆ ಆ ಒಪ್ಪಿಗೆ ತನಗೆ ಮುಳುವಾಗುವುದೆಂದು ಅವನು ಅರಿತಿದ್ದನು. ಹಾಗೆಯೇ ಶತ್ರುಗಳ ಕೈಯಲ್ಲಿ ಮಡಿದನು. ತಾಯಿಯ ಮಾತಿಗೆ ಇರುವ ಶಕ್ತಿ ಎಷ್ಟು ದೊಡ್ಡದೋ ಅದರ ಹೊಣೆಯೂ ಅಷ್ಟೇ ದೊಡ್ಡದು. ಮಕ್ಕಳನ್ನು ಒಪ್ಪಿಸುವವರು ಆ ಒಪ್ಪಿಗೆಯ ಬೆಲೆಯನ್ನು ತೆರುವವರು ಯಾರೆಂದು ಮೊದಲೇ ಯೋಚಿಸಬೇಡವೇ?

ರಾಜರ ಕಥೆಗಳಿಗೂ ಸಾಮಾನ್ಯರ ಮನೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಇದೇ ನಾಟಕ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಚರಿತ್ರೆಯನ್ನೋ ಸಾಹಿತ್ಯವನ್ನೋ ಓದಬಯಸುವ ಹುಡುಗನನ್ನು ವಿಜ್ಞಾನಕ್ಕೆ ಸೇರಿಸಬೇಕೆಂಬ ಹಟ. ತಂದೆ ಮಾತು ಬಿಡುತ್ತಾನೆ. ತಾಯಿ ಊಟ ಬಿಡುತ್ತಾಳೆ. ನೆಂಟರು ಬಂದು ಹೆತ್ತವರ ಋಣದ ಲೆಕ್ಕ ಹೇಳುತ್ತಾರೆ. ಮೂರನೆಯ ದಿನ ಹುಡುಗ ತಲೆಯಾಡಿಸುತ್ತಾನೆ. ಮನೆಯವರು ಇದನ್ನು ಮನವೊಲಿಕೆಯೆಂದು ಕರೆಯುತ್ತಾರೆ. ಮದುವೆಯ ವಿಷಯದಲ್ಲಿ ಹೆಣ್ಣುಮಕ್ಕಳ ಪಾಡು ಇದಕ್ಕಿಂತಲೂ ಕಠಿಣ. ಕಣ್ಣೀರು ಪ್ರೀತಿಯ ಗುರುತೆಂಬುದು ನಿಜ. ಆದರೆ ಅದನ್ನು ಆಯುಧವಾಗಿ ಹಿಡಿದಾಗ ಅದರ ಪೆಟ್ಟು ಕೋಲಿನ ಪೆಟ್ಟಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಮಕ್ಕಳಿಗೆ ಎಲ್ಲವನ್ನೂ ಒಪ್ಪಿಸಿಯೇ ಮಾಡಿಸಬೇಕೆಂಬುದು ಈ ಮಾತಿನ ಅರ್ಥವಲ್ಲ. ಬಾವಿಯ ಕಟ್ಟೆಯ ಮೇಲೆ ಹತ್ತಿದ ಕೂಸಿಗೆ ತರ್ಕ ಹೇಳುತ್ತ ಕೂರುವುದು ಮೂರ್ಖತನ. ಅನುಭವಿಗಳ ಮಾತಿಗೆ ತೂಕವಿರುವುದೂ ಸಹಜ. ಆದರೆ ಆಜ್ಞೆ ಮಾಡುವಾಗ ಅದನ್ನು ಆಜ್ಞೆಯೆಂದೇ ಹೇಳುವುದು ಪ್ರಾಮಾಣಿಕತೆ. ಮಕ್ಕಳು ಬೆಳೆದಂತೆ ಆಜ್ಞೆಯ ಎಲ್ಲೆ ಕುಗ್ಗುತ್ತ, ಕಾರಣ ಹೇಳುವ ಮಾತಿನ ಎಲ್ಲೆ ಹಿಗ್ಗುತ್ತ ಬರಬೇಕು. ಹದಿನೆಂಟು ವರ್ಷ ಆಜ್ಞೆಯನ್ನಷ್ಟೇ ಕೇಳಿದ ಮಗ ಮುಂದೆ ತಾನೂ ಆಜ್ಞೆಯನ್ನಷ್ಟೇ ಮಾಡಬಲ್ಲನು.

ಇದಕ್ಕೆ ಉಜ್ಜ್ವಲವಾದ ಮೇಲ್ಪಂಕ್ತಿ ಕನ್ನಡನಾಡಿನಲ್ಲಿಯೇ ಇದೆ. ಶರಣರ ಸಂವಾದಗಳನ್ನು ಪೋಣಿಸಿ ರಚಿತವಾದ 'ಶೂನ್ಯಸಂಪಾದನೆ' ನಾಟಕವಲ್ಲವಾದರೂ ಮಾತಿನ ಮೂಲಕ ಮನಸ್ಸುಗಳು ಬದಲಾಗುವ ಬಗೆಯನ್ನು ಯಾವ ನಾಟಕಕ್ಕೂ ಕಡಮೆಯಿಲ್ಲದಂತೆ ತೋರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಇದು ಅಂದಿನ ಅಗತ್ಯವನ್ನು ಮೀರಿದುದು, ಆಸೆಯ ಗುರುತು ಎಂದು ಲಕ್ಕಮ್ಮ ತಿಳಿಯಹೇಳಿದಳು. ಮಾರಯ್ಯ ಆ ಅಕ್ಕಿಯನ್ನು ಹಿಂದಕ್ಕೆ ಒಯ್ದು ಸುರಿದನು. ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತ ಗಂಡನಿಗೆ ಕಾಯಕ ನಿಂತುದನ್ನು ನೆನಪಿಸಿದವಳೂ ಆಕೆಯೇ. ಹೆಂಡತಿಯಿಂದ ಬುದ್ಧಿ ಕಲಿಯಬೇಕೆ ಎಂದು ಮಾರಯ್ಯ ಕೇಳಲಿಲ್ಲ. ಕ್ರೆಯಾನನಿಗೆ ಅರಮನೆಯಿತ್ತು, ಈ ಗುಣವಿರಲಿಲ್ಲ. ಅಕ್ಕಿ ಆಯುವವನ ಗುಡಿಸಲಿನಲ್ಲಿ ಅದು ಇದ್ದಿತು.

ಲಕ್ಕಮ್ಮನ ಮಾತಿನ ಬಲವನ್ನು ಹೊಗಳುವವರು ಬಹಳ ಮಂದಿ. ಮಾರಯ್ಯನ ಕಿವಿಯ ಬಲವನ್ನು ನೆನೆಯುವವರು ಕಡಮೆ. ಮನವೊಲಿಕೆಯ ಶಕ್ತಿ ಇವೆರಡರ ನಡುವೆ ಹುಟ್ಟುತ್ತದೆ. ಶಾಲೆಗಳು ಚರ್ಚಾಸ್ಪರ್ಧೆ, ಭಾಷಣಸ್ಪರ್ಧೆಗಳನ್ನು ಏರ್ಪಡಿಸಿ ಮಾತಿನ ಕಲೆಯನ್ನು ಕಲಿಸುತ್ತಿವೆ, ಅದು ಒಳ್ಳೆಯದೇ. ಎದುರಾಳಿಯ ಯಾವ ಮಾತಿನಿಂದ ತನ್ನ ಅಭಿಪ್ರಾಯ ಬದಲಾಯಿತೆಂದು ಹೇಳಬಲ್ಲ ವಿದ್ಯಾರ್ಥಿಗೂ ಒಂದು ಬಹುಮಾನ ಇರಲಿ. ಮನೆಯ ಹಿರಿಯರು ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ "ನೀನು ಹೇಳಿದ್ದೇ ಸರಿ" ಎಂದು ಮನಃಪೂರ್ವಕವಾಗಿ ಹೇಳಲಿ. ಹೀಗೆ ಹೇಳಬಲ್ಲ ತಂದೆಯ ಬುದ್ಧಿಮಾತನ್ನು ಮಗ ತಳ್ಳಿಹಾಕುವುದು ಕಷ್ಟ.