ಡಬ್ಬಿಯಲ್ಲೇ ಉಳಿದ ಸುಣ್ಣ

ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆ ಆಗಿ ಎಂಟು ತಿಂಗಳಾಗಿತ್ತು. ತಾಯಿಯ ತೂಕ ಇಳಿದಿತ್ತು, ಮಂಡಿನೋವು ತಗ್ಗಿತ್ತು, ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುವಂತಾಗಿತ್ತು. ಮನೆಯವರಿಗೆಲ್ಲ ಸಂತೋಷ. ಅಂಥದರಲ್ಲಿ ಒಂದು ಭಾನುವಾರ, ಅಡುಗೆಮನೆಯ ಕಪಾಟು ಒರೆಸುತ್ತಿದ್ದ ದ್ವಿತೀಯ ಪಿಯುಸಿ ಓದುವ ಮಗಳಿಗೆ ಸಕ್ಕರೆ ಡಬ್ಬಿಯ ಹಿಂದೆ ಮೂರು ಕ್ಯಾಲ್ಸಿಯಂ ಡಬ್ಬಿಗಳು ಸಿಕ್ಕವು. ಎರಡನ್ನು ತೆರೆದೇ ಇರಲಿಲ್ಲ.

"ಅಮ್ಮಾ, ಇದನ್ನ ನೀನು ತಗೋತಾನೇ ಇಲ್ವಾ?"

"ನುಂಗೋಕೆ ಹೋದ್ರೆ ಎದೇಲೇ ನಿಂತ್ಕೊಳ್ಳುತ್ತೆ ಕಣೆ. ಬೇರೆ ಮಾತ್ರೆ ಎಲ್ಲಾ ತಗೋತಿದೀನಲ್ಲ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಅಂತಾನೇ ಬಂದಿದೆ."

ಈ ಮಾತು ಅನೇಕ ಮನೆಗಳಲ್ಲಿ ಕೇಳಿಬರುವಂಥದು. ಇದರ ಕೊನೆಯ ವಾಕ್ಯವೇ ಅಪಾಯಕಾರಿ. ಹೃದಯದ ಬಡಿತಕ್ಕೆ, ಸ್ನಾಯುಗಳ ಚಲನೆಗೆ ಕ್ಯಾಲ್ಸಿಯಂ ಬೇಕೇ ಬೇಕಾದ್ದರಿಂದ ರಕ್ತದಲ್ಲಿ ಅದರ ಮಟ್ಟ ಇಳಿಯಲು ದೇಹ ಸುಲಭವಾಗಿ ಬಿಡುವುದಿಲ್ಲ. ಆಹಾರದಿಂದ ಸಾಲದಾದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹಾರ್ಮೋನು ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಕಡ ತರುತ್ತವೆ. ವರದಿ ಸರಿಯಾಗಿಯೇ ಇರುತ್ತದೆ. ಮೂಳೆ ಮಾತ್ರ ಸದ್ದಿಲ್ಲದೆ ಬಡವಾಗುತ್ತದೆ. ಆದ್ದರಿಂದಲೇ ಈ ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ವಿಟಮಿನ್ ಡಿ ಪರೀಕ್ಷೆಗಳನ್ನೂ ಬರೆದುಕೊಡುವುದು.

ಕೊರತೆ ಬರಲು ಕಾರಣ ಶಸ್ತ್ರಚಿಕಿತ್ಸೆಯ ರೀತಿಯಲ್ಲೇ ಇದೆ. 'ಸ್ಲೀವ್' ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ನಳಿಕೆಯನ್ನಷ್ಟೇ ಉಳಿಸುತ್ತಾರೆ. 'ಬೈಪಾಸ್' ವಿಧಾನದಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಕ್ಯಾಲ್ಸಿಯಂ ಚೆನ್ನಾಗಿ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಊಟ ಆ ದಾರಿ ಹಿಡಿಯುವುದೇ ಇಲ್ಲ. ಎರಡು ವಿಧಾನಗಳಲ್ಲೂ ಊಟ ಕಡಿಮೆ, ಜಠರದ ಆಮ್ಲವೂ ಕಡಿಮೆ.

ಈ ಆಮ್ಲದ ವಿಷಯ ಮಾತ್ರೆಯ ಆಯ್ಕೆಗೆ ಬಹಳ ಮುಖ್ಯ. ಅಂಗಡಿಯಲ್ಲಿ 'ಕ್ಯಾಲ್ಸಿಯಂ ಕೊಡಿ' ಎಂದರೆ ಸಾಮಾನ್ಯವಾಗಿ ಸಿಗುವುದು ಕ್ಯಾಲ್ಸಿಯಂ ಕಾರ್ಬೊನೇಟು, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ಬೆಲೆ ಕಡಿಮೆ. ಆದರೆ ಅದು ಕರಗಲು ಆಮ್ಲ ಬೇಕು. ಆಮ್ಲ ಸುರಿಯಲು ಊಟದ ಜೊತೆ ನುಂಗಬೇಕು. ಶಸ್ತ್ರಚಿಕಿತ್ಸೆಯಾದವರಿಗೋ ಊಟದ ಜೊತೆ ನೀರು ಕುಡಿಯಬೇಡಿ ಎಂಬ ಕಟ್ಟಪ್ಪಣೆ. ನೀರಿಲ್ಲದೆ ಅಷ್ಟು ದಪ್ಪ ಮಾತ್ರೆ ಎದೆಯಲ್ಲಿ ನಿಲ್ಲದೆ ಇನ್ನೇನು ಮಾಡೀತು? ಸಾಲದೆಂಬಂತೆ ಇವರಲ್ಲಿ ಅನೇಕರಿಗೆ ಕೆಲವು ತಿಂಗಳು ಆಮ್ಲ ತಗ್ಗಿಸುವ ಮಾತ್ರೆಯನ್ನೂ ಕೊಟ್ಟಿರುತ್ತಾರೆ.

ಕ್ಯಾಲ್ಸಿಯಂ ಸಿಟ್ರೇಟಿಗೆ ಈ ತೊಡಕಿಲ್ಲ. ಆಮ್ಲ ಕಡಿಮೆಯಿದ್ದರೂ ಹೀರಿಕೆಯಾಗುತ್ತದೆ. ಊಟದ ಜೊತೆಗಾದರೂ ಸರಿ, ಖಾಲಿ ಹೊಟ್ಟೆಗಾದರೂ ಸರಿ. ಮಲಬದ್ಧತೆಯ ಕಾಟವೂ ಸಾಮಾನ್ಯವಾಗಿ ಕಡಿಮೆ. ಹೀಗಾಗಿ ಇಂಥ ರೋಗಿಗಳಿಗೆ ವೈದ್ಯರು ಹೆಚ್ಚಾಗಿ ಇದನ್ನೇ ಸೂಚಿಸುತ್ತಾರೆ.

ಆದರೆ ಇದಕ್ಕೂ ಒಂದು ಕೊರತೆಯಿದೆ. ಅದನ್ನು ಪಿಯುಸಿ ರಸಾಯನಶಾಸ್ತ್ರ ಓದಿದ ಯಾರಾದರೂ ಲೆಕ್ಕ ಹಾಕಬಹುದು. ಕಾರ್ಬೊನೇಟಿನ ಅಣುತೂಕ 100, ಅದರಲ್ಲಿ ಕ್ಯಾಲ್ಸಿಯಂ 40, ಅಂದರೆ ಶೇ. 40. ನಾಲ್ಕು ನೀರಿನ ಅಣು ಸೇರಿದ ಸಿಟ್ರೇಟಿನ ಅಣುತೂಕ ಸುಮಾರು 570, ಅದರಲ್ಲಿ ಕ್ಯಾಲ್ಸಿಯಂ 120, ಅಂದರೆ ಶೇ. 21 ಮಾತ್ರ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ '1000 ಮಿ.ಗ್ರಾಂ. ಕ್ಯಾಲ್ಸಿಯಂ ಸಿಟ್ರೇಟ್' ಎಂದಿದ್ದರೆ ದೇಹಕ್ಕೆ ಒದಗುವ ಲೋಹ ಸುಮಾರು 210 ಮಿ.ಗ್ರಾಂ. ಅಷ್ಟೆ. ದಪ್ಪಕ್ಷರ ನಂಬಿದವರು ಮೋಸಹೋಗುತ್ತಾರೆ. 'ಎಲಿಮೆಂಟಲ್ ಕ್ಯಾಲ್ಸಿಯಂ' ಎಂದು ಸಣ್ಣಕ್ಷರದಲ್ಲಿ ಬರೆದಿರುವ ಸಂಖ್ಯೆಯನ್ನೇ ಹುಡುಕಬೇಕು. ಅದು ಒಂದು ಮಾತ್ರೆಗೋ ಎರಡು ಮಾತ್ರೆಗೋ ಎಂಬುದನ್ನೂ ನೋಡಿಕೊಳ್ಳಬೇಕು.

ಅಮೆರಿಕದ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘ 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಸ್ಲೀವ್ ಅಥವಾ ಬೈಪಾಸ್ ಆದವರಿಗೆ ಆಹಾರವೂ ಸೇರಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ಯಾರಿಗೆ ಎಷ್ಟೆಂದು ಹೇಳಬೇಕಾದವರು ಅವರವರ ವೈದ್ಯರೇ; ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದವರಂತೂ ಕೇಳದೆ ಮುಂದುವರಿಯಬಾರದು. ಇಡೀ ದಿನದ್ದನ್ನು ಒಮ್ಮೆಗೇ ನುಂಗಿದರೆ ಪ್ರಯೋಜನವಿಲ್ಲ. ಒಂದು ಸಲಕ್ಕೆ ಸುಮಾರು 500 ಮಿ.ಗ್ರಾಂ.ಗಿಂತ ಹೆಚ್ಚಾದರೆ ಹೀರಿಕೆಯಾಗುವ ಪಾಲು ಇಳಿಯುತ್ತದೆ. ಆದ್ದರಿಂದ ಎರಡು ಮೂರು ಕಂತು. ಕಬ್ಬಿಣದ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ವಿಟಮಿನ್ ಡಿ ಸಾಲದೆ ಹೋದರೆ ಇಷ್ಟೆಲ್ಲ ಕಸರತ್ತೂ ನೀರಿನಲ್ಲಿ ಹೋಮ ಮಾಡಿದಂತೆ.

ದಿನಕ್ಕೆ ಐದಾರು ದೊಡ್ಡ ಮಾತ್ರೆ ಎಂದರೆ ಯಾರಿಗಾದರೂ ಬೇಸರ ಬರುತ್ತದೆ. ಅಗಿಯುವ ಸಿಟ್ರೇಟ್ ಮಾತ್ರೆ, ನೀರಿಗೆ ಬೆರೆಸುವ ಪುಡಿ, ದ್ರವರೂಪದ ಔಷಧ ಇವು ಸುಲಭ, ಮೊದಲ ಕೆಲವು ವಾರಗಳಲ್ಲಂತೂ ಇವೇ ವಾಸಿ. ಕೊಳ್ಳುವಾಗ ಇಲ್ಲೂ ಎಚ್ಚರ ಬೇಕು. ಅಗಿಯುವ ಮಾತ್ರೆ, ಸಿರಪ್‌ಗಳಲ್ಲಿ ಹಲವು ಕಾರ್ಬೊನೇಟಿನವೇ. ಮಿಠಾಯಿಯಂಥ 'ಗಮ್ಮಿ'ಗಳಲ್ಲಿ ಕ್ಯಾಲ್ಸಿಯಂ ಅಲ್ಪ, ಸಕ್ಕರೆ ಧಾರಾಳ. ಬೈಪಾಸ್ ಆದವರಿಗೆ ಸಕ್ಕರೆ ಹೆಚ್ಚಾದರೆ ಎದೆ ಡವಗುಟ್ಟಿ, ಬೆವರಿ, ಭೇದಿಯಾಗುವುದುಂಟು. ನೀರಿನಲ್ಲಿ ಬುಸುಗುಟ್ಟುವ ಮಾತ್ರೆಯ ಅನಿಲದಿಂದ ಹೊಟ್ಟೆ ಉಬ್ಬರಿಸುತ್ತದೆ. ಅವುಗಳಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡದವರು ಕೇಳಿಯೇ ಕೊಳ್ಳಬೇಕು.

'ರಾಗಿಮುದ್ದೆ ತಿಂದರೆ ಸಾಲದೇ?' ಎಂದು ಹಿರಿಯರು ಕೇಳುತ್ತಾರೆ. ರಾಗಿ ಒಳ್ಳೆಯದೇ. ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಆದರೆ ಆ ಪುಟ್ಟ ಹೊಟ್ಟೆಗೆ ಒಂದು ಹೊತ್ತಿಗೆ ಹಿಡಿಸುವುದು ನಿಂಬೆಹಣ್ಣು ಗಾತ್ರದ ಮುದ್ದೆ. ಹಾಲು, ಮೊಸರು, ರಾಗಿ ಇವೆಲ್ಲ ಮಾತ್ರೆಯ ಜೊತೆಗಿರಲಿ, ಬದಲಿಗೆ ಬೇಡ. ಎಲೆಅಡಿಕೆಗೆ ಹಚ್ಚುವ ಸುಣ್ಣವನ್ನೇ ಔಷಧವೆಂದು ನೆಕ್ಕುವ ಸಾಹಸವಂತೂ ಬೇಡವೇ ಬೇಡ. ಬಾಯಿ, ಅನ್ನನಾಳ ಸುಟ್ಟೀತು.

ಎಳೆವಯಸ್ಸಿನಲ್ಲೇ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ಇದ್ದಾರೆ. ಇಪ್ಪತ್ತರ ಆಸುಪಾಸು ಮೂಳೆ ಇನ್ನೂ ಗಟ್ಟಿಯಾಗುವ ಕಾಲ. ಮಗ ಹಾಸ್ಟೆಲಿನಲ್ಲಿದ್ದರೆ ದೂರವಾಣಿಯಲ್ಲಿ 'ಊಟ ಆಯ್ತಾ?' ಎಂದು ಕೇಳುವ ತಂದೆತಾಯಿ, ಮಾತ್ರೆಯ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದೂ ಕೇಳಬೇಕು. 'ತಗೊಂಡೆ' ಎಂಬ ಉತ್ತರಕ್ಕಿಂತ ಎಣಿಕೆ ವಾಸಿ.

ಆ ಮನೆಯ ಮಗಳು ಮೂರೂ ಡಬ್ಬಿಗಳನ್ನು ವೈದ್ಯರ ಮುಂದಿಟ್ಟಳು. ಮೂರೂ ಕಾರ್ಬೊನೇಟು. ರಕ್ತದ ಕ್ಯಾಲ್ಸಿಯಂ ಆಗಲೂ ಸರಿಯಾಗಿಯೇ ಇತ್ತು. ಪ್ಯಾರಾಥೈರಾಯ್ಡ್ ಹಾರ್ಮೋನು ಮಾತ್ರ ಏರಿತ್ತು, ವಿಟಮಿನ್ ಡಿ ಇಳಿದಿತ್ತು. ಈಗ ತಾಯಿ ಬೆಳಗಿನ ತಿಂಡಿಯಾದ ಮೇಲೆ ಕಬ್ಬಿಣದ ಮಾತ್ರೆ ನುಂಗುತ್ತಾರೆ. ಹನ್ನೊಂದು ಗಂಟೆಗೆ, ಸಂಜೆ ನಾಲ್ಕಕ್ಕೆ, ಮಲಗುವ ಮುನ್ನ ಸಿಟ್ರೇಟ್ ಪುಡಿಯನ್ನು ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಯುತ್ತಾರೆ. ರುಚಿ ಸುಮಾರೆಂದು ಗೊಣಗುವುದು ನಿಂತಿಲ್ಲ. ಡಬ್ಬಿ ಮಾತ್ರ ತಿಂಗಳ ಕೊನೆಗೆ ಸರಿಯಾಗಿ ಖಾಲಿಯಾಗುತ್ತಿದೆ. ಮೂರು ತಿಂಗಳಿಗೆ ಮತ್ತೆ ರಕ್ತ ಕೊಡಬೇಕು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಮಗಳು ಕೆಂಪು ಶಾಯಿಯಲ್ಲಿ ಸುತ್ತು ಹಾಕಿಟ್ಟಿದ್ದಾಳೆ.