ಸುಲ್ತಾನನ ರಾಹತಿ ಸತ್ತಿತು, ಕನ್ನಡದ ಹಣ ಉಳಿಯಿತು!

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಿಂದ ಬೆಂಗಳೂರಿಗೆ ಬಂದು ದುಡಿಯುತ್ತಿರುವ ತರುಣ ಮಿತ್ರರೇ, 'ರಾಹತಿ' ಎಂಬ ಮಾತನ್ನು ಕೇಳಿದ್ದೀರಾ? ಕುದುರೆ ಏರಿದ ರಾಹುತನಿಗೂ ಇದಕ್ಕೂ ಸಂಬಂಧವಿಲ್ಲ. ಇದು ನಿಮ್ಮ ಸೀಮೆಯಲ್ಲೇ ಒಮ್ಮೆ ಎಣಿಸಿಕೊಟ್ಟ ನಾಣ್ಯದ ಹೆಸರು!

1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಸುದ್ದಿ ತಿಳಿದ ಟಿಪ್ಪು ಸುಲ್ತಾನ, ಸ್ವಾಮಿಗಳಿಗೆ 200 ರಾಹತಿ ನಗದು ಕೊಡುವಂತೆ ಬಿದನೂರಿನ ಆಸಫನಿಗೆ ಅಪ್ಪಣೆ ಮಾಡಿದ. ರಾಹತಿ ಎಂದರೆ ಟಿಪ್ಪು ತನ್ನ ಚಿನ್ನದ ಹಣಕ್ಕೆ ಇಟ್ಟ ಪಾರಸಿ ಹೆಸರು. ಮೂಲ 'ರಾಹತ್', ಅರಬ್ಬಿಯಿಂದ ಪಾರಸಿಗೆ ಬಂದದ್ದು. ಅರ್ಥ ನೆಮ್ಮದಿ, ಹಾಯಿ. ಅವನ ತಾಮ್ರದ ಕಾಸುಗಳಿಗೂ ಜೊಹ್ರಾ, ಬಹ್ರಾಂ ಎಂದು ಶುಕ್ರ, ಮಂಗಳ ಗ್ರಹಗಳ ಪಾರಸಿ ಹೆಸರುಗಳೇ.

ಆಮೇಲೆ ಏನಾಯಿತು? ಸುಲ್ತಾನನ ಮೊಹರಿದ್ದ ರಾಹತಿ ಇಂದು ಯಾರ ಬಾಯಲ್ಲೂ ಇಲ್ಲ. ಅಂಗೈಯಗಲವೂ ಇಲ್ಲದ ಆ ಪುಟ್ಟ ಚಿನ್ನದ ನಾಣ್ಯವನ್ನು ಜನ ಮೊದಲು ಏನೆಂದು ಕರೆಯುತ್ತಿದ್ದರೋ ಆ 'ಹಣ' ಮಾತ್ರ ಬೆಳೆದು, ಎಲ್ಲ ಸಂಪತ್ತಿಗೂ ಹೆಸರಾಗಿ ಕೂತಿದೆ! ಇನ್ನೂ ಕೇಳಿ: ಪಾರಸಿ ಚರಿತ್ರಕಾರರು ದಖ್ಖನಿನ ಚಿನ್ನದ ನಾಣ್ಯವನ್ನು 'ಹುನ್' ಎಂದು ಬರೆದರು. ಅದು ನಮ್ಮ ಹೊನ್ನೇ.

ಪಾರಸಿ ಮೇಲೆ ನಮಗೆ ಹಗೆಯಿಲ್ಲ. ಜಮಾ, ಖರ್ಚು, ಬಾಕಿ, ವಸೂಲಿ ಎಲ್ಲ ಆ ಕಡೆಯಿಂದಲೇ ಬಂದು ನಮ್ಮವಾಗಿವೆ. ಮಾತು ಬಂದರೆ ಬರಲಿ. ಭಾಷೆಯನ್ನೇ ಹೇರಬೇಡಿ ಎಂಬುದು ನಮ್ಮ ತಕರಾರು.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ನವೆಂಬರ್ ಬಂದರೆ ತಾನೇ ಶುರುವಾಗುತ್ತದೆ, ಇಲ್ಲಿ ಬೇಡ. ಆಡಳಿತದಲ್ಲಿ ಪಾರಸಿಗೆ ಪಟ್ಟ ಕಟ್ಟಿದವನು ಅವನೇ. ಆದರೆ ಶೃಂಗೇರಿಗೆ ಕಾಗದ ಬರೆಯುವಾಗ ಕನ್ನಡದಲ್ಲೇ ಬರೆಸಿದ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಆ ಪತ್ರಗಳ ಕಟ್ಟನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು.

ಪಾರಸಿಯ ಸುಲ್ತಾನನಿಗೆ ಗೊತ್ತಿದ್ದ ಮರ್ಯಾದೆ ನಿಮ್ಮೂರಿನ ಬ್ಯಾಂಕಿಗೆ ಗೊತ್ತಿದೆಯೇ? ಅಡಿಕೆ ಮಾರಿದ ಹಣ ಕಟ್ಟಲು ಹೋದ ನಿಮ್ಮ ಅಪ್ಪಯ್ಯನ ಕೈಗೆ ಯಾವ ಭಾಷೆಯ ಚಲನ್ ಕೊಡುತ್ತಾರೆ? ಓದಲಾರದೆ ಪಕ್ಕದವರ ಕೈಯಲ್ಲಿ ಬರೆಸಿಕೊಂಡು ಸಹಿ ಹಾಕುವ ಗತಿ ಅವರಿಗೇಕೆ? ಗ್ರಾಹಕರಿಗೆ ಕೊಡುವ ಅಚ್ಚಾದ ಕಾಗದಗಳು ಇಂಗ್ಲಿಷ್, ಹಿಂದಿಯ ಜೊತೆ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇದು ಭಿಕ್ಷೆಯಲ್ಲ!

ಮುಂದಿನ ರಜೆಗೆ ಊರಿಗೆ ಹೋದಾಗ ಅಪ್ಪಯ್ಯನ ಜೊತೆ ಬ್ಯಾಂಕಿಗೆ ನಡೆಯಿರಿ. ಕನ್ನಡ ಚಲನ್ ಕೇಳಿ. ಇಲ್ಲವೆಂದರೆ ದೂರು ಪುಸ್ತಕ ಕೇಳಿ, ಅದರಲ್ಲಿ ಕನ್ನಡದಲ್ಲೇ ಬರೆದು ತಾರೀಖು ಹಾಕಿ ಬನ್ನಿ.