ಟ್ರಿನಿಡಾಡ್: ಅನಿಲದ ಸಂಪತ್ತು, ಡಾಲರಿನ ಬರ

ಟ್ರಿನಿಡಾಡ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾಲ್ಕನೆಯ ಇನಿಂಗ್ಸ್‌ನಲ್ಲಿ 406 ರನ್ ಗಳಿಸಿ ಗೆದ್ದಾಗ ನಮ್ಮ ಜಿ. ಆರ್. ವಿಶ್ವನಾಥ್ ಶತಕ ಬಾರಿಸಿದ್ದರು. ಆದರೆ ರಫ್ತು ವ್ಯಾಪಾರಕ್ಕೆ ಕೈಹಾಕುವವರು ಈ ದೇಶವನ್ನು ಬೇರೊಂದು ಕಾರಣಕ್ಕಾಗಿ ಅರಿಯಬೇಕಾಗಿದೆ.

ವೆನೆಜುವೆಲಾ ಕರಾವಳಿಯ ಮಗ್ಗುಲಲ್ಲಿರುವ ಟ್ರಿನಿಡಾಡ್ ಮತ್ತು ಟೊಬೇಗೊ ರಾಷ್ಟ್ರದ ಜನಸಂಖ್ಯೆ ಸುಮಾರು 14 ಲಕ್ಷ. 1797ರಲ್ಲಿ ಸ್ಪೇನಿನಿಂದ ಟ್ರಿನಿಡಾಡನ್ನು ವಶಪಡಿಸಿಕೊಂಡ ಬ್ರಿಟಿಷರು, ಗುಲಾಮಗಿರಿ ರದ್ದಾದ ಬಳಿಕ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಕರೆದೊಯ್ದರು. ಮೊದಲ ಹಡಗು ತಲುಪಿದ್ದು 1845ರ ಮೇ 30ರಂದು. 1917ರವರೆಗೆ ಹೋದವರು ಸುಮಾರು 1.44 ಲಕ್ಷ ಮಂದಿ. ಬಹುಪಾಲು ಇಂದಿನ ಉತ್ತರ ಪ್ರದೇಶ, ಬಿಹಾರಗಳವರು, ಮದರಾಸಿನಿಂದ ಹೋದವರೂ ಉಂಟು. 2011ರ ಜನಗಣತಿಯಂತೆ ಭಾರತೀಯ ಮೂಲದವರು ಶೇ. 35, ಆಫ್ರಿಕನ್ ಮೂಲದವರು ಶೇ. 34. ದೀಪಾವಳಿಗೆ ಅಲ್ಲಿ ಸರಕಾರಿ ರಜೆ. ದೇಶ 1962ರಲ್ಲಿ ಸ್ವತಂತ್ರವಾಗಿ, 1976ರಲ್ಲಿ ಗಣರಾಜ್ಯವಾಯಿತು.

ಕಬ್ಬಿನ ಕಾಲ ಮುಗಿದು ತೈಲದ ಕಾಲ, ಅದರ ಹಿಂದೆಯೇ ನೈಸರ್ಗಿಕ ಅನಿಲದ ಕಾಲ ಬಂತು. ಪಾಯಿಂಟ್ ಲಿಸಾಸ್ ಕೈಗಾರಿಕಾ ವಲಯದಲ್ಲಿ ಅನಿಲದಿಂದ ತಯಾರಾಗುವ ಅಮೋನಿಯಾ, ಮೆಥನಾಲ್‌ಗಳು ಜಗತ್ತಿನ ಮಾರುಕಟ್ಟೆ ಸೇರಿದವು. 1999ರಲ್ಲಿ ದ್ರವೀಕೃತ ಅನಿಲದ ರಫ್ತು ಆರಂಭವಾಯಿತು. ಸರಕಾರಕ್ಕೆ ಹಣ ಹರಿದುಬಂದಿತು. ಕೃಷಿಯನ್ನಾಗಲಿ ಇತರ ತಯಾರಿಕೆಯನ್ನಾಗಲಿ ಬಲಪಡಿಸುವ ತುರ್ತು ಯಾರಿಗೂ ಕಾಣಲಿಲ್ಲ. 2010ರ ನಂತರ ಅನಿಲದ ಉತ್ಪಾದನೆ ಇಳಿಯತೊಡಗಿತು, 2014ರಲ್ಲಿ ತೈಲ ಬೆಲೆ ಕುಸಿಯಿತು. ಸರಕಾರಿ ಸ್ವಾಮ್ಯದ ತೈಲ ಶುದ್ಧೀಕರಣಾಗಾರವನ್ನು 2018ರಲ್ಲಿ ಮುಚ್ಚಲಾಯಿತು. ನಾಲ್ಕು ದ್ರವೀಕರಣ ಘಟಕಗಳ ಪೈಕಿ ಮೊದಲನೆಯದು ಅನಿಲವಿಲ್ಲದೆ 2020ರಲ್ಲಿ ನಿಂತಿತು.

ಇದರ ಫಲವೇ ವಿದೇಶಿ ವಿನಿಮಯದ ಅಭಾವ. ಅಲ್ಲಿನ ಡಾಲರನ್ನು ಅಮೆರಿಕನ್ ಡಾಲರಿಗೆ ಸುಮಾರು 6.8ರ ಆಸುಪಾಸಿನಲ್ಲಿಯೇ ವರ್ಷಗಟ್ಟಲೆ ಹಿಡಿದಿಡಲಾಗಿದೆ. ಬೆಲೆಯನ್ನು ಏರಗೊಡದಿದ್ದರೆ ಕೊರತೆಯು ಸರದಿಸಾಲಿನ ರೂಪ ತಾಳುವುದು ಸಹಜ. ಅಲ್ಲಿನ ಆಮದುದಾರನ ಬಳಿ ಸ್ಥಳೀಯ ಹಣವಿರುತ್ತದೆ, ಕೊಡುವ ಮನಸ್ಸೂ ಇರುತ್ತದೆ. ಬ್ಯಾಂಕಿನಲ್ಲಿ ಅಮೆರಿಕನ್ ಡಾಲರ್ ಇರುವುದಿಲ್ಲ. ನಮ್ಮ ರಫ್ತುದಾರರು ಇದನ್ನು ಗಿರಾಕಿಯ ಅಪ್ರಾಮಾಣಿಕತೆ ಎಂದು ತಿಳಿಯುವುದೂ ಉಂಟು. ಅತ್ತ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಅವಧಿಯೊಳಗೆ ರಫ್ತಿನ ಹಣ ಬಾರದಿದ್ದರೆ ವಿವರಣೆ ನೀಡುವ ಹೊಣೆ ಮಾತ್ರ ರಫ್ತುದಾರನದೇ.

ಹಾಗೆಂದು ಆ ಮಾರುಕಟ್ಟೆಯನ್ನು ಬಿಡಬೇಕಾಗಿಲ್ಲ. ಭಾಷೆ ಇಂಗ್ಲಿಷ್, ಕಾನೂನು ಬ್ರಿಟಿಷ್ ಪದ್ಧತಿಯದು, ಪೂಜಾ ಸಾಮಗ್ರಿ, ಮಸಾಲೆ, ಉಡುಪು, ಔಷಧಿಗಳಿಗೆ ಬೇಡಿಕೆಯಿದೆ. ಆದರೆ ಪರಿಚಯದ ಬಲದ ಮೇಲೆ ಉದ್ದರಿ ಸರಕು ಕಳುಹಿಸುವ ವಾಡಿಕೆ ಅಲ್ಲಿಗೆ ಸಲ್ಲದು. ಮುಂಗಡ, ಇಲ್ಲವೇ ದ್ವೀಪದ ಹೊರಗಿನ ಬ್ಯಾಂಕೊಂದು ಖಾತರಿ ನೀಡಿದ ಲೆಟರ್ ಆಫ್ ಕ್ರೆಡಿಟ್, ಅದೂ ದೊರೆಯದಿದ್ದರೆ ರಫ್ತು ಸಾಲ ವಿಮೆ: ಇವುಗಳಲ್ಲಿ ಒಂದಾದರೂ ಕೈಸೇರುವವರೆಗೆ ಸರಕು ಗೋದಾಮಿನಲ್ಲಿಯೇ ಇರಲಿ.